ಕೆಂಪು ಚುಕ್ಕೆ ಇಲ್ಲದ ಅರ್ಧ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ಕಲ್ಲಿನದು. ಕಲ್ಲು ತೂರಿದ್ದಲ್ಲ, ಕಲ್ಲು ಕಳುವಾದದ್ದು. ದಫೇದಾರ ಅರ್ಜಿಯನ್ನು ಎರಡು ಸಲ ಓದಿ, ಮೀಸೆಯೊಳಗೇ ನಕ್ಕು, ಅದನ್ನು ಇನ್‌ಸ್ಪೆಕ್ಟರ್ ಮೇಡಂ ಮೇಜಿನ ಮೇಲಿಟ್ಟ.

"ಅಂಗೈಯಷ್ಟು ಕಲ್ಲಂತೆ ಮೇಡಂ. ಹೊರಗೆ ರಸ್ತೆ ರಿಪೇರಿಗೆ ಅಂತ ಒಂದು ಲೋಡು ಸುರಿದಿದ್ದಾರೆ. ಬೇಕಾದ್ದು ಆರಿಸ್ಕೊಳ್ಳಿ ಅನ್ನೋಣವಾ?"

"ಮೊದಲು ಅವರಿಗೊಂದು ಕುರ್ಚಿ ಹಾಕು" ಎಂದಳು ಇನ್‌ಸ್ಪೆಕ್ಟರ್.

ದೂರು ತಂದವರು ವಸ್ತುಸಂಗ್ರಹಾಲಯದ ಸಸ್ಯ ಪಳೆಯುಳಿಕೆ ವಿಭಾಗದ ಮುಖ್ಯಸ್ಥರು. ಎಲ್ಲರೂ ಅವರನ್ನು ಪ್ರೊಫೆಸರ್ ಎಂದೇ ಕರೆಯುತ್ತಿದ್ದರು. ಆಗಷ್ಟೇ ಅತ್ತವರಂತೆ ಕಣ್ಣು ಕೆಂಪಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು, ಕಳೆದುಹೋದದ್ದು ಏನು ಎಂದು ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಅದು ಭೂಮಿಯ ಮೇಲೆ ಹೂವೇ ಹುಟ್ಟಿರದ ಕಾಲದ ಒಂದು ಗಿಡ. ಕೆಸರಲ್ಲಿ ಹೂತು, ಕೆಸರು ಕಲ್ಲಾಗಿ, ಅದರ ಅಚ್ಚು ಉಳಿದಿದೆ. ಅಂಥ ಕಲ್ಲನ್ನು ಪದರದ ಗುಂಟ ಸೀಳಿದರೆ ಪುಸ್ತಕ ತೆರೆದ ಹಾಗೆ ಎರಡು ಹೋಳಾಗುತ್ತದೆ, ಎರಡರ ಮೇಲೂ ಅದೇ ಗಿಡ ಕಾಣುತ್ತದೆ. ಈ ಗಿಡವನ್ನು ಯಾರೂ ಹಿಂದೆ ಕಂಡಿರಲಿಲ್ಲ. ಹೊಸ ಪ್ರಭೇದ ಎಂದು ಕಳೆದ ತಿಂಗಳಷ್ಟೇ ಪ್ರಕಟವಾಗಿತ್ತು.

"ಎರಡೂ ಹೋಳು ಹೋಗಿದೆಯಾ?"

"ಇಲ್ಲ. ಒಂದೇ."

11.10ಕ್ಕೆ ಎಫ್‌ಐಆರ್ ದಾಖಲಾಯಿತು. ಸ್ವತ್ತಿನ ಬೆಲೆ ಎಂಬ ಕಡೆ ಬಂದಾಗ ಪ್ರೊಫೆಸರ್ ಬೆಲೆ ಕಟ್ಟಲಾಗದು ಎಂದರು. ದಫೇದಾರ ಹಾಗೇ ಬರೆದುಕೊಂಡ, ಆಮೇಲೆ ನಗಲಿಲ್ಲ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ವಸ್ತುಸಂಗ್ರಹಾಲಯದಲ್ಲಿ ಸ್ಥಳ ಪಂಚನಾಮೆ. ಗೇಟಿನ ಕಾವಲುಗಾರ ಮತ್ತು ಕ್ಯಾಂಟೀನಿನ ಗಲ್ಲಾದವನು ಪಂಚರು. ಕೋಣೆಯ ತುಂಬ ಕಬ್ಬಿಣದ ಬೀರುಗಳು, ಬೀರುಗಳ ತುಂಬ ಗೇಣುದ್ದದ ಡ್ರಾಯರುಗಳು. ಪ್ರತಿ ಕಲ್ಲೂ ರಟ್ಟಿನ ತಟ್ಟೆಯಲ್ಲಿ ಹತ್ತಿಯ ಮೇಲೆ ಬಾಣಂತಿಯ ಹಾಗೆ ಬೆಚ್ಚಗೆ ಮಲಗಿತ್ತು. ಬೀಗ ಒಡೆದಿರಲಿಲ್ಲ. ಬೀಗದ ಕೈ ಕಚೇರಿಯ ಗೋಡೆಯ ಮೊಳೆಗೆ ನೇತಾಡುತ್ತಿತ್ತು, ವಿಭಾಗದವರೆಲ್ಲ ಬೇಕಾದಾಗ ತೆಗೆದುಕೊಳ್ಳುತ್ತಿದ್ದರು. ಹೊರಗಿನ ಕಳ್ಳನ ಮಾತು ಅಲ್ಲಿಗೇ ಮುಗಿಯಿತು.

ಖಾಲಿ ತಟ್ಟೆಯ ಪಕ್ಕದಲ್ಲೇ ಉಳಿದ ಅರ್ಧ ಇತ್ತು. ಅದರ ಮೂಲೆಗೆ ಒಂದು ಕೆಂಪು ಚುಕ್ಕೆ ಅಂಟಿಸಿದ್ದರು.

"ಇದೇನು ಚುಕ್ಕೆ?"

"ಇದೇ ಮೂಲ ಮಾದರಿ ಅಂತ ಗುರುತು" ಎಂದರು ಪ್ರೊಫೆಸರ್. "ಮುಂದೆ ಯಾವ ದೇಶದಲ್ಲಿ ಯಾರಿಗೆ ಈ ಗಿಡ ಸಿಕ್ಕಿದ್ರೂ ಇದರ ಪಕ್ಕ ಇಟ್ಟೇ ನೋಡ್ಬೇಕು."

"ಅಂದ್ರೆ ಬೆಲೆ ಬಾಳೋದು ಇದು."

"ಹೌದು."

"ಹೋಗಿರೋದು?"

"ಇದರ ಜೋಡಿ. ಅದರಲ್ಲಿ ಅಚ್ಚು ಮಸುಕು. ಗಣಿಯಲ್ಲಿ ಎತ್ತುವಾಗಲೇ ಅದು ಎರಡು ತುಂಡಾಗಿತ್ತು. ಅಲ್ಲೇ ಅಂಟು ಹಾಕಿ ಕೂಡಿಸಿದ್ದು."

ಇನ್‌ಸ್ಪೆಕ್ಟರ್ ಬಗ್ಗಿ ಡ್ರಾಯರನ್ನು ನೋಡಿದಳು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಎಂಥೆಂಥ ಕಳ್ಳರನ್ನು ಕಂಡವಳು. ಒಡವೆ ಬಿಟ್ಟು ಡಬ್ಬಿ ಹೊತ್ತುಕೊಂಡು ಹೋದವನನ್ನು ಮಾತ್ರ ಕಂಡಿರಲಿಲ್ಲ. ಕತ್ತಲಲ್ಲಿ ಕೈ ತಪ್ಪಿತು ಎನ್ನಲು, ಮೂಲೆಯ ಚುಕ್ಕೆ ಕುರುಡನಿಗೂ ಕಾಣುವಷ್ಟು ಕೆಂಪಾಗಿತ್ತು.

ಕಲ್ಲು ಇಲ್ಲವೆಂದು ಮೊದಲು ಕಂಡವಳು ಪ್ರಯೋಗಾಲಯದ ಸಹಾಯಕಿ. ನಡುವಯಸ್ಸಿನ ಹೆಂಗಸು. ಕೈಯ ಮೇಲೆಲ್ಲ ಹಳೆಯ ಸುಟ್ಟ ಕಲೆ. ವಿಭಾಗದಲ್ಲಿ ಅವಳಿಗೆ ಆಸಿಡಕ್ಕ ಎಂದು ಹೆಸರು.

"ಎಷ್ಟು ಹೊತ್ತಿಗೆ ನೋಡಿದ್ರಿ?"

"ಒಂಬತ್ತಕ್ಕೆ. ಇವತ್ತು ಅದನ್ನ ಆಮ್ಲಕ್ಕೆ ಹಾಕೋದಿತ್ತು. ತರೋಣ ಅಂತ ಹೋದ್ರೆ ತಟ್ಟೆ ಖಾಲಿ."

"ಆಮ್ಲಕ್ಕೆ ಹಾಕಿದ್ರೆ ಕಲ್ಲು ಏನಾಗುತ್ತೆ?"

"ಕರಗಿಹೋಗುತ್ತೆ. ಆ ಗಿಡದ ಪರಾಗ ಮಾತ್ರ ತಳದಲ್ಲಿ ಉಳಿಯುತ್ತೆ. ಹೂವಿಲ್ಲದ ಗಿಡಕ್ಕೂ ಪರಾಗ ಇರುತ್ತೆ. ಅದನ್ನ ನೋಡಿದ್ರೆ ಗಿಡ ಯಾವ ಕುಲದ್ದು ಅಂತ ಗೊತ್ತಾಗುತ್ತೆ. ಚುಕ್ಕೆ ಇರೋದನ್ನ ಮುಟ್ಟೋ ಹಾಗಿಲ್ಲ, ಅದಕ್ಕೇ ಜೋಡೀನ ಬಲಿ ಕೊಡೋದು."

"ಇವತ್ತು ಹಾಕ್ತೀರಿ ಅಂತ ಯಾರಿಗೆಲ್ಲ ಗೊತ್ತಿತ್ತು?"

"ಪ್ರೊಫೆಸರ್‌ಗೆ, ನಂಗೆ, ಫೋಟೋದವನಿಗೆ. ಕರಗಿಸೋ ಮುಂಚೆ ಅವನು ಫೋಟೋ ತೆಗೀಬೇಕಲ್ಲ."

ಫೋಟೋದವನ ಕೋಣೆ ನೆಲಮಾಳಿಗೆಯಲ್ಲಿತ್ತು. ಕಪ್ಪು ಪರದೆ, ಮೇಜು, ಮೇಜಿನ ಮಟ್ಟಕ್ಕೆ ತಗ್ಗಿಸಿಟ್ಟ ದೀಪ. ಮೂವತ್ತೈದರ ಆಸುಪಾಸಿನ ತೆಳ್ಳಗಿನ ಮನುಷ್ಯ, ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಆಡುವವನಲ್ಲ. ಬೇರೆ ಠಾಣೆಗಳಿಗೆ ಕಳಿಸಲು ಕಳುವಾದ ಕಲ್ಲಿನ ಚಿತ್ರ ಬೇಕೆಂದಾಗ ಕೂಡಲೇ ತೆಗೆದುಕೊಟ್ಟ.

"ದೀಪ ಯಾಕೆ ಇಷ್ಟು ಕೆಳಗಿದೆ?"

"ಬೆಳಕು ಓರೆಯಾಗಿ ಬೀಳ್ಬೇಕು. ಆಗ ಕೂದಲೆಳೆಯಷ್ಟು ಗೀರೂ ಎದ್ದು ಕಾಣುತ್ತೆ."

"ಇದು ಮುಂಭಾಗ. ಹಿಂಭಾಗದ್ದು?"

"ತೆಗೆದಿಲ್ಲ. ಅಲ್ಲಿ ಏನೂ ಇಲ್ಲ."

ಅಷ್ಟರಲ್ಲಿ ದಫೇದಾರ ಗೋಡೆಯ ಮೇಲಿನ ಚಿತ್ರಗಳನ್ನು ಮದುವೆಮನೆಗೆ ಬಂದವನ ಹಾಗೆ ಒಂದೊಂದಾಗಿ ನೋಡುತ್ತಿದ್ದ. ಪ್ರತಿ ಕಲ್ಲಿಗೂ ಎರಡು ಚಿತ್ರ, ಮುಂದಿನದೊಂದು, ಹಿಂದಿನದೊಂದು. ಗಿಡದ ಗುರುತೇ ಇಲ್ಲದ ಬೋಳು ಬೆನ್ನುಗಳನ್ನೂ ಬಿಟ್ಟಿರಲಿಲ್ಲ. ಅವನು ಇನ್‌ಸ್ಪೆಕ್ಟರ್ ಕಡೆ ತಿರುಗಿ ಹುಬ್ಬು ಏರಿಸಿದ. ಅವಳು ಏನೂ ಕೇಳದೆ ಚಿತ್ರ ತೆಗೆದುಕೊಂಡು ಮೇಲೆ ಬಂದಳು. ಫೋಟೋದವನು ಕಲ್ಲಿನ ಬೆನ್ನು ತೆಗೆಯದೆ ಬಿಡುವುದುಂಟೇ ಎಂದು ಆಸಿಡಕ್ಕನನ್ನು ಕೇಳಿದಳು.

"ಅವನಾ?" ಎಂದಳು ಆಸಿಡಕ್ಕ. "ಪುಡಿ ಚೂರಿಗೂ ಎರಡು ಕಡೆ ತೆಗೀತಾನೆ. ಈ ಒಂದಕ್ಕೆ ತೆಗೆದಿಲ್ಲ ಅಂದ್ರೆ ನಾನು ನಂಬಲ್ಲ." ಮಾತು ಮುಗಿಸಿದ ಮೇಲೆ ಅವಳಿಗೆ ತಾನು ಏನು ಹೇಳಿದೆನೆಂದು ಹೊಳೆಯಿತು. ಕೈ ಬಾಯಿಗೆ ಹೋಯಿತು.

"ಈ ಕಲ್ಲು ಸಿಕ್ಕಿದ್ದು ಯಾರಿಗೆ?"

ಆಸಿಡಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಅವನ ಹೆಂಡತಿಗೆ. ಇಲ್ಲೇ ಸಂಶೋಧನೆ ಮಾಡ್ತಿದ್ದಳು. ಹೋದ ವರ್ಷ ಇದನ್ನ ತೆಗೆದು, ಅಂಟು ಹಾಕಿ, ಪೆಟ್ಟಿಗೆಯಲ್ಲಿಟ್ಟು, ಇನ್ನೂ ಇದೆಯಾ ನೋಡ್ತೀನಿ ಅಂತ ಮತ್ತೆ ಗಣಿಗೆ ಇಳಿದಳು. ಮಣ್ಣು ಕುಸೀತು. ಪೆಟ್ಟಿಗೆ ಮೇಲಿತ್ತು, ಹಾಗಾಗಿ ಕಲ್ಲು ಉಳೀತು."

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಆ ಹೊತ್ತಿಗೆ ಅವಳಿಗೆ ಕಳ್ಳ ಯಾರೆಂದು ತಿಳಿದಿತ್ತು, ಅದರಿಂದ ಸಂತೋಷವೇನೂ ಆಗಲಿಲ್ಲ.

ನಾಲ್ಕು ಗಂಟೆಗೆ ಪಂಚರಿಬ್ಬರ ಜೊತೆ ಫೋಟೋದವನನ್ನು ಜೀಪಿನಲ್ಲಿ ಕೂರಿಸಿಕೊಂಡು ಅವನ ಮನೆಗೆ ಹೋದರು. ದಾರಿಯಲ್ಲಿ ಅವನು ಯಾಕೆ ಎಂದು ಕೇಳಲಿಲ್ಲ. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಬಾಗಿಲು ತೆಗೆದವಳು ಬಿಳಿಕೂದಲ ಹೆಂಗಸು, ಸತ್ತವಳ ತಾಯಿ. ಮಗಳು ಹೋದ ಮೇಲೂ ಅವಳು ಅಳಿಯನ ಜೊತೆಗೇ ಇದ್ದಳು. ಹೋಗಿ ಎಂದು ಅವನೂ ಹೇಳಿರಲಿಲ್ಲ, ಹೋಗುತ್ತೇನೆಂದು ಅವಳೂ ಹೇಳಿರಲಿಲ್ಲ. ಪೊಲೀಸರನ್ನು ಕಂಡು ಅವಳು ಅಳಿಯನ ಮುಖ ನೋಡಿದಳು.

"ಕೊಟ್ಬಿಡಿ ಅತ್ತೆ" ಎಂದ ಅವನು.

ಅವಳು ಒಳಗಿನಿಂದ ಟವೆಲಿನಲ್ಲಿ ಸುತ್ತಿದ ಕಲ್ಲು ತಂದಳು. ಆದರೆ ಕೊಡಲಿಲ್ಲ. ಮೇಜಿನ ಮುಂದೆ ಕೂತು, ಅದನ್ನು ಕವುಚಿ ಹಾಕಿ, ಬೆನ್ನಿನ ಮೇಲೆ ಹೆಬ್ಬೆರಳು ಇಟ್ಟುಕೊಂಡಳು.

ಫೋಟೋದವನು ಟೇಬಲ್ ಲ್ಯಾಂಪನ್ನು ಹತ್ತಿರ ಎಳೆದು ಅಡ್ಡ ಮಲಗಿಸಿದ. ಬೆಳಕು ಓರೆಯಾಗಿ ಬಿತ್ತು. ಕಲ್ಲಿನ ಬಿರುಕಿನ ಉದ್ದಕ್ಕೂ ಗಟ್ಟಿಯಾದ ಅಂಟು. ನಡುವೆ ಅದು ಅಗಲವಾಗಿ ಹರಡಿದ್ದ ಕಡೆ ಯಾರೋ ಒತ್ತಿ ಹಿಡಿದ ಹೆಬ್ಬೆರಳಿನ ಗುರುತು. ಇನ್‌ಸ್ಪೆಕ್ಟರ್ ಸಾವಿರ ಬೆರಳಚ್ಚು ನೋಡಿದ್ದಳು, ಎಲ್ಲವೂ ಕಾಗದದ ಮೇಲೆ ಚಪ್ಪಟೆ. ಇದಕ್ಕೆ ಆಳವಿತ್ತು. ಸುಳಿಯ ಗೆರೆಗಳನ್ನು ಅಡ್ಡ ಕತ್ತರಿಸಿ ಒಂದು ಸಣ್ಣ ಗಾಯದ ಗೀರಿತ್ತು.

"ಚಾಕು ತಾಗಿದ್ದು" ಎಂದಳು ತಾಯಿ. "ಆಗ ಅವಳಿಗೆ ಎಂಟು ವರ್ಷ. ಹೊಲಿಗೆ ಹಾಕಿಸುವಾಗ ನಾನೇ ಕೈ ಹಿಡ್ಕೊಂಡಿದ್ದೆ. ಹೋದ ವರ್ಷ ಮಣ್ಣಿಂದ ತೆಗೆದಾಗ ಮುಖ ತೋರಿಸಿದ್ರು. ಕೈ ತೋರಿಸಲಿಲ್ಲ. ನೋಡೋ ಹಾಗಿಲ್ಲ ಅಂದ್ರು."

ದಫೇದಾರ ಕಿಟಕಿಯ ಕಡೆ ತಿರುಗಿಕೊಂಡ. ಪಂಚರಿಬ್ಬರೂ ನೆಲ ನೋಡುತ್ತಿದ್ದರು. ಏನಾದರೂ ಹೇಳಬೇಕಲ್ಲ ಎಂದು ಇನ್‌ಸ್ಪೆಕ್ಟರ್, "ಆ ಗಿಡಕ್ಕೆ ನಿಮ್ಮ ಮಗಳ ಹೆಸರೇ ಇಟ್ಟಿದ್ದಾರಂತೆ" ಎಂದಳು.

"ಆ ಹೆಸರು ನಾನಿಟ್ಟಿದ್ದು. ಅದನ್ನ ಅವರು ತಗೊಂಡ್ರು, ಸಂತೋಷ. ಈ ಬೆರಳೊಂದು ಬಿಟ್ಟಿದ್ರೆ ಆಗ್ತಿತ್ತು."

ಜಪ್ತಿ ಪಂಚನಾಮೆ ಬರೆಯುವಾಗ ಫೋಟೋದವನು ಎಲ್ಲವನ್ನೂ ಹೇಳಿದ. ಓರೆ ಬೆಳಕಿನಲ್ಲಿ ಗುರುತು ಕಂಡದ್ದು, ಆ ಚಿತ್ರವನ್ನು ಯಾರಿಗೂ ಕೊಡದೆ ತಾನೇ ಇಟ್ಟುಕೊಂಡದ್ದು. ಶುಕ್ರವಾರ ಸಂಜೆ ಕಲ್ಲನ್ನು ಊಟದ ಡಬ್ಬಿಯಲ್ಲಿಟ್ಟು ತಂದಿದ್ದ. ಅತ್ತೆಗೆ ಒಂದೇ ಒಂದು ಸಲ ಮುಟ್ಟಿಸಿ, ಸೋಮವಾರ ಎಲ್ಲರಿಗಿಂತ ಮುಂಚೆ ಹೋಗಿ ಇಟ್ಟುಬಿಡುವುದು ಎಂದುಕೊಂಡಿದ್ದ.

"ಮತ್ತೆ ಯಾಕೆ ಇಡಲಿಲ್ಲ?"

"ಬೆಳಿಗ್ಗೆ ಎದ್ದು ನೋಡಿದ್ರೆ ಅತ್ತೆ ಇದನ್ನ ಹಿಡ್ಕೊಂಡೇ ನಿದ್ದೆ ಮಾಡಿದ್ರು. ಒಂದು ವರ್ಷದಿಂದ ಅವರು ನಿದ್ದೆ ಮಾಡಿದ್ದು ನಾನು ನೋಡಿಲ್ಲ ಮೇಡಂ. ಬಿಡಿಸ್ಕೊಳ್ಳೋಕೆ ಕೈ ಬರಲಿಲ್ಲ."

ಅವನನ್ನು ಠಾಣೆಗೆ ಕರೆತಂದಾಗ ಅತ್ತೆಯೂ ಚಪ್ಪಲಿ ಮೆಟ್ಟಿ ಜೀಪು ಹತ್ತಿದಳು. ದಫೇದಾರ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಐದೂಮುಕ್ಕಾಲಿಗೆ ಪ್ರೊಫೆಸರ್ ಬಂದರು. ಅವರಿಗೂ ಕಲ್ಲಿನ ಬೆನ್ನು ತೋರಿಸಿದರು. ನೋಡಿ ಅವರು ಫೋಟೋದವನ ಕಡೆ ತಿರುಗಿದರು.

"ನನ್ನ ಹತ್ರ ಹೇಳಬಾರದಿತ್ತಾ?"

"ಕೇಳಿದ್ದೆ ಸರ್. ಅಂಟು ಇರೋ ಭಾಗ ಬಿಟ್ಟು ತಗೊಳ್ಳೋಕಾಗಲ್ವಾ ಅಂದೆ. ಪರಾಗ ಇರೋದೇ ಆ ಬಿರುಕಿನ ಕೆಳಗೆ ಅಂದ್ರಿ."

"ಯಾಕೆ ಅಂತ ನೀನು ಹೇಳಲಿಲ್ಲ."

"ಹೇಳಿದ್ರೆ ನಿಲ್ಲಿಸ್ತಿದ್ರಾ?"

ಪ್ರೊಫೆಸರ್ ಸುಳ್ಳು ಹೇಳುವವರಾಗಿರಲಿಲ್ಲ. "ಗೊತ್ತಿಲ್ಲಪ್ಪ" ಎಂದರು. "ಅದು ಅವಳದೇ ಪ್ರಶ್ನೆ. ಗಣಿಯಿಂದ ಫೋನ್ ಮಾಡಿದಾಗ ಅವಳೇ ಹೇಳಿದ್ದು, ಜೋಡೀನ ಆಮ್ಲಕ್ಕೆ ಹಾಕೋಣ ಸರ್, ಇದು ಯಾರ ಪೈಕಿ ಅಂತ ತಿಳಿದುಬಿಡುತ್ತೆ ಅಂತ. ಅವಳ ಕೊನೇ ಮಾತು ನಡೆಸ್ತಿದ್ದೀನಿ ಅಂದ್ಕೊಂಡಿದ್ದೆ."

"ನಂಗೂ ಹೇಳಿದ್ದಳು ಸರ್. ಅವಳಿಗೆ ಅದು ಬೇಕಿತ್ತು. ನಮಗೆ ಅವಳು ಬೇಕಿತ್ತು."

ಪ್ರೊಫೆಸರ್ ಇನ್‌ಸ್ಪೆಕ್ಟರ್ ಕಡೆ ತಿರುಗಿ, ಕಲ್ಲು ಸಿಕ್ಕಿತಲ್ಲ, ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದರು.

"ಎಫ್‌ಐಆರ್ ಆಗಿದೆ ಸರ್. ಇನ್ನೇನಿದ್ರೂ ಕೋರ್ಟಲ್ಲಿ. ಇಬ್ಬರೂ ಒಪ್ಪಿ ಸಹಿ ಹಾಕಿದ್ರೆ ರಾಜಿ ಆಗುತ್ತೆ."

"ಅಲ್ಲೀವರೆಗೆ ಕಲ್ಲು?"

"ಅದು ಈಗ ಮುದ್ದೆಮಾಲು, ಕೇಸಿನ ಸಾಕ್ಷಿ. ಅರ್ಜಿ ಹಾಕಿ ಬಿಡಿಸ್ಕೊಂಡು ಹೋಗ್ಬಹುದು. ಆದ್ರೆ ಹೇಗಿದೆಯೋ ಹಾಗೇ ಇಟ್ಕೊಂಡು ಕೋರ್ಟ್ ಕೇಳಿದಾಗ ತಂದು ತೋರಿಸ್ಬೇಕು. ಕೇಸ್ ಮುಗಿಯೋವರೆಗೂ ಒಂದು ಗೀರು ಬೀಳೋ ಹಾಗಿಲ್ಲ."

ಮೂಲೆಯ ಬೆಂಚಿನಲ್ಲಿದ್ದ ಫೋಟೋದವನು ತಲೆಯೆತ್ತಿದ.

"ಕೇಸ್ ಎಷ್ಟು ದಿನ ನಡೆಯುತ್ತೆ ಮೇಡಂ?"

"ರಾಜಿಯಾದ್ರೆ, ಇಲ್ಲ ತಪ್ಪು ಒಪ್ಕೊಂಡ್ರೆ ಬೇಗ ಮುಗಿಯುತ್ತೆ."

"ಒಪ್ಕೊಳ್ಳದಿದ್ರೆ?"

ಉತ್ತರ ಕೊಟ್ಟವನು ದಫೇದಾರ, ರೂಢಿಯ ಮೇಲೆ. "ಸಾಕ್ಷಿ, ವಾಯಿದೆ, ಅಪೀಲು... ನಾನು ಪೆನ್ಷನ್ ತಗೊಳ್ಳೋವಾಗ್ಲೂ ನಡೀತಾ ಇರುತ್ತೆ." ಹೇಳಿ, ಮೇಡಂ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

"ಹಾಗಾದ್ರೆ ನಾನು ರಾಜಿಗೆ ಸಹಿ ಹಾಕಲ್ಲ" ಎಂದ ಫೋಟೋದವನು.

"ಯೋಚನೆ ಮಾಡಿ" ಎಂದಳು ಇನ್‌ಸ್ಪೆಕ್ಟರ್. ಅವಳ ದನಿ ಗಡುಸಾಗಿತ್ತು, ಕನಿಕರ ಬಂದಾಗ ಅವಳ ದನಿ ಹಾಗಾಗುತ್ತಿತ್ತು. "ಕೆಲಸ ಹೋಗುತ್ತೆ. ಜೈಲೂ ಆಗ್ಬಹುದು. ನಿಮ್ಮತ್ತೆ ಗತಿಯೇನು?"

ಅತ್ತೆಯೇ ಬಾಗಿಲ ಬಳಿಯಿಂದ ಹೇಳಿದಳು. "ನನ್ನ ಚಿಂತೆ ಬೇಡ ತಾಯಿ. ಅಳಿಯಂದಿರು ಹೇಳಿದ ಹಾಗೆ ಆಗ್ಲಿ. ಒಬ್ಬಳ ಹೊಟ್ಟೆ, ಹೇಗೋ ನಡೆಯುತ್ತೆ."

ಫೋಟೋದವನು ಎದ್ದು ಮೇಜಿನ ಮುಂದೆ ಬಂದು ನಿಂತ. ಮುಂಗೈಯಿಂದ ಮುಖ ಒರೆಸಿಕೊಂಡ.

"ನಾನು ಕದ್ದಿಲ್ಲ ಮೇಡಂ. ಬರ್ಕೊಳ್ಳಿ."

ದಫೇದಾರನ ಪೆನ್ನು ನಿಂತಿತು. ಎರಡು ಗಂಟೆ ಹಿಂದೆ ಆ ಮನುಷ್ಯ ಎಲ್ಲವನ್ನೂ ಒಪ್ಪಿಕೊಂಡದ್ದನ್ನು ಅವನೂ ಕೇಳಿದ್ದ, ಪಂಚರೂ ಕೇಳಿದ್ದರು. ಪ್ರೊಫೆಸರ್ ಏನೋ ಹೇಳಲು ಬಾಯಿ ತೆರೆದು, ಅತ್ತೆಯನ್ನು ನೋಡಿ, ಮುಚ್ಚಿಕೊಂಡರು.

"ಅವರು ಹೇಳಿದ ಹಾಗೇ ಬರ್ಕೊ" ಎಂದಳು ಇನ್‌ಸ್ಪೆಕ್ಟರ್.

ಆರೋಪಿಯನ್ನು ಸಂಜೆ 6.40ಕ್ಕೆ ದಸ್ತಗಿರಿ ಮಾಡಲಾಯಿತೆಂದೂ, ಅವನು ಆರೋಪವನ್ನು ನಿರಾಕರಿಸಿದ್ದಾನೆಂದೂ ದಾಖಲಾಯಿತು. ಕಲ್ಲನ್ನು ಬಟ್ಟೆಯಲ್ಲಿ ಕಟ್ಟಿ, ದಾರ ಬಿಗಿದು, ಅರಗಿನ ಮೊಹರು ಒತ್ತಿದರು. ಇನ್‌ಸ್ಪೆಕ್ಟರ್ ಅದನ್ನು ತಾನೇ ಒಯ್ದು ಮಾಲುಕೋಣೆಯ ಮೇಲಿನ ಕಪಾಟಿನಲ್ಲಿ, ಏನೂ ಮೇಲೆ ಬೀಳದ ಕಡೆ ಇಟ್ಟು ಬೀಗ ಹಾಕಿದಳು. ಲಾಭಕ್ಕಾಗಿ ಕದ್ದವನಲ್ಲ, ಹೆಂಡತಿಯದೆಂದು ಇಷ್ಟೇ ಉಳಿದಿತ್ತು ಎಂದು ಕೇಸ್ ಡೈರಿಯಲ್ಲಿ ಒಂದು ಸಾಲು ಬರೆದಳು. ಇನ್ನು ಅದನ್ನು ಅವನೂ ಮುಟ್ಟುವಂತಿಲ್ಲ, ಅತ್ತೆಯೂ ಮುಟ್ಟುವಂತಿಲ್ಲ. ಕರಗದೆ ಎಲ್ಲೋ ಒಂದು ಕಡೆ ಇದ್ದರೆ ಸಾಕು ಎಂದು ಅವರಿಬ್ಬರೂ ಒಪ್ಪಿಕೊಂಡಿದ್ದರು.