ಸುವಾ ಕೆಲಸ ಬೇಡ ಅಂತ ಯಾರನ್ನ ಕೇಳಿದೆ?

"ಇಂಜಿನ್ ಆಫ್ ಮಾಡು!"

ಕೊರೊವೌ ಎಂಬ ಪುಟ್ಟ ಪೇಟೆಯ ಬಸ್ ನಿಲ್ದಾಣದಿಂದ ಮಧ್ಯಾಹ್ನದ ಬಸ್ಸು ಇನ್ನೇನು ಹೊರಡಬೇಕಿತ್ತು. ಮೆಟ್ಟಿಲ ಮೇಲೆ ಉನೈಸಿ ನಿಂತಿದ್ದಳು. ಹೊಲಿಗೆ ಅಂಗಡಿಯಿಂದ ಓಡಿ ಬಂದವಳ ಕತ್ತಿನಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಕಂಕುಳಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ, ಏನಾದರೂ ಕೇಳಿಕೊಳ್ಳುವಾಗ ಹಿರಿಯರ ಮುಂದಿಡುವ ಯಂಗೋನ ಬೇರಿನ ಕಟ್ಟು!

ಸ್ಟೇರಿಂಗ್ ಹಿಡಿದಿದ್ದ ಎಮೋಸಿ ಅವಳನ್ನು ಕಂಡು ನಕ್ಕ. ಎರಡು ವರ್ಷದಿಂದ ಪ್ರೀತಿಸುತ್ತಿರುವ ಹುಡುಗಿ ತಾನಾಗಿ ಬಸ್ ಹತ್ತಿ ಬಂದರೆ ಯಾರು ತಾನೆ ನಗುವುದಿಲ್ಲ? ಪಾಪ, ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಧಡ್! ಬೇರಿನ ಕಟ್ಟು ಅವನ ಪಕ್ಕದ ಇಂಜಿನ್ ಮುಚ್ಚಳದ ಮೇಲೆ ಬಿತ್ತು.

"ಇದು ನಿಂದೇ ತಾನೆ? ತಗೋ, ವಾಪಸ್!"

ಬಸ್ಸಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಹಿರಿಯರು ಮುಟ್ಟಿ ಒಪ್ಪಿಕೊಂಡ ಯಂಗೋನವನ್ನು ಯಾರಾದರೂ ವಾಪಸ್ ತರುತ್ತಾರೆಯೇ? ಮುಖಕ್ಕೆ ಉಗಿದರೂ ಇಷ್ಟು ಅವಮಾನವಾಗುತ್ತಿರಲಿಲ್ಲ.

"ಉನೈಸಿ... ಜನ ನೋಡ್ತಿದಾರೆ."

"ನೋಡ್ಲಿ! ನಿನ್ನೆ ನಮ್ಮ ದೊಡ್ಡಪ್ಪನ ಮುಂದೆ ಕಾಲು ಮಡಚಿ ಕೂತು, ತಲೆ ತಗ್ಗಿಸಿ, ಈ ಬೇರಿಟ್ಟು ಏನು ಕೇಳ್ಕೊಂಡೆ? ಇವರ ಮುಂದೂ ಹೇಳು!"

ಎಮೋಸಿ ಸ್ಟೇರಿಂಗ್ ಕಡೆ ನೋಡುತ್ತಾ ಗೊಣಗಿದ.

"ನಿನ್ನನ್ನ ಸುವಾ ಕೆಲಸಕ್ಕೆ ಕಳಿಸ್ಬೇಡಿ ಅಂತ..."

ಹಿಂದಿನ ಸೀಟಿನಲ್ಲಿದ್ದ ಅಜ್ಜಿಯೊಬ್ಬಳು ಕಾಲ ಬಳಿಯ ಬುಟ್ಟಿಯನ್ನು ನೆರಳಿಗೆ ಎಳೆದುಕೊಂಡಳು. "ಜಗಳ ಬೇಗ ಮುಗಿಸಮ್ಮಾ, ನನ್ನ ಏಡಿ ಬಿಸಿಲಿಗೆ ಸಾಯ್ತಾ ಇವೆ."

"ತಡೀರಿ ಅಜ್ಜಿ, ಏಡಿಗಿಂತ ಮೊದಲು ಇವನು ಸಾಯ್ತಾನೆ!"

ನಗು ಎದ್ದಿತು. ಉನೈಸಿ ಮಾತ್ರ ನಗಲಿಲ್ಲ.

ರಾಜಧಾನಿ ಸುವಾದ ದೊಡ್ಡ ಬಟ್ಟೆ ಕಾರ್ಖಾನೆಯವರು ಅವಳನ್ನು ಬಟ್ಟೆ ಕತ್ತರಿಸುವ ಮುಖ್ಯ ಕಟರ್ ಆಗಿ ಕರೆದಿದ್ದರು. ಈಗಿನ ಸಂಬಳದ ಒಂದೂವರೆ ಪಟ್ಟು! ಆದರೆ ಕತ್ತಲಲ್ಲೇ ಎದ್ದು ಮೊದಲ ಬಸ್ ಹಿಡಿಯಬೇಕು. ಸಂಜೆ ನೌಸೋರಿ ಸೇತುವೆಯ ಹತ್ತಿರ ಬಸ್ಸು ಆಮೆಗಿಂತ ನಿಧಾನ. ಮನೆ ಸೇರುವಾಗ ಮತ್ತೆ ಕತ್ತಲು. ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲೇ ಹೋಗುತ್ತದೆ.

ವಾರವಿಡೀ ಅವಳು ಇದನ್ನೇ ತೂಗಿದ್ದಳು. ಹಣ ಬಂದರೆ ಚಂಡಮಾರುತಕ್ಕೆ ಸಡಿಲವಾದ ಅಮ್ಮನ ಮನೆಯ ತಗಡು ಬದಲಾಗುತ್ತದೆ. ಆದರೆ ಚರ್ಚಿನ ಹಾಡಿನ ಅಭ್ಯಾಸ, ಅಮ್ಮನ ಜೊತೆ ಸಂಜೆಯ ಚಹಾ, ಹೊಳೆ ದಂಡೆಯಲ್ಲಿ ಈ ಎಮೋಸಿ ಹೇಳುವ ಅರ್ಥವಿಲ್ಲದ ಜೋಕುಗಳು... ಎಲ್ಲಾ ಹೋಗುತ್ತವೆ. 'ಬೇಡ ಬಿಡು' ಎಂದು ಮೊನ್ನೆ ರಾತ್ರಿ ಹೆಚ್ಚುಕಡಿಮೆ ನಿರ್ಧರಿಸಿಯೂ ಬಿಟ್ಟಿದ್ದಳು.

ಅಷ್ಟರಲ್ಲಿ ಈ ಮಹಾಶಯ ಬೇರು ಹಿಡಿದುಕೊಂಡು ದೊಡ್ಡಪ್ಪನ ಹತ್ತಿರ ಹೋಗಿದ್ದ! ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ದೊಡ್ಡಪ್ಪ ಜೊವೆಸಾ ಹೇಳಿದ್ದೇ ಮಾತು. ಅವರು ಬೇರನ್ನು ಮುಟ್ಟಿ, ಅಂಗೈ ಕುಳಿ ಮಾಡಿ ಮೂರು ಸಲ ಚಪ್ಪಾಳೆ ತಟ್ಟಿದ್ದರು. ಅಲ್ಲಿಗೆ ಕೇಳಿದ್ದು ಕೊಟ್ಟ ಹಾಗೇ.

"ನಿನ್ನ ಒಳ್ಳೇದಕ್ಕೇ ಕಣೇ..." ಎಂದ ಎಮೋಸಿ.

ಆ ಮಾತೊಂದು ಆಡಬಾರದಿತ್ತು.

"ನನ್ನ ಒಳ್ಳೇದು ನಂಗೆ ಗೊತ್ತಿಲ್ವಾ? ನಾನೇನು ನಿನ್ನ ಬಸ್ಸಲ್ಲಿ ಬಿಟ್ಟುಹೋದ ಛತ್ರೀನಾ, ಯಾರ ಕೈಗೆ ಬೇಕಾದ್ರೂ ಎತ್ತಿ ಕೊಡೋಕೆ? ಹೋಗ್ತೀನಿ! ಹೋಗೇ ಹೋಗ್ತೀನಿ! ಅದೂ ಬೇರೆಯವರ ಬಸ್ಸಲ್ಲಿ!"

ಧಡಧಡ ಇಳಿದು ಹೋದಳು. ಕಣ್ಣು ತುಂಬಿದ್ದು ಅವನಿಗೆ ಕಾಣಬಾರದೆಂದು ತಿರುಗಿಯೂ ನೋಡಲಿಲ್ಲ.

ಮನೆಯಲ್ಲಿ ಇನ್ನೊಂದು ಯುದ್ಧ ಕಾದಿತ್ತು.

"ಬೇರು ಎಲ್ಲಿ?" ದೊಡ್ಡಪ್ಪ ಬಾಗಿಲಲ್ಲೇ ಕೇಳಿದರು.

"ಕೊಟ್ಟೋನಿಗೇ ಕೊಟ್ಟೆ."

"ನನ್ನ ಮರ್ಯಾದೆ ತೆಗೀತೀಯೇನೇ? ನಾನು ಮಾತು ಕೊಟ್ಟಾಗಿದೆ!"

"ಯಾರ ಮಾತು ಕೊಟ್ರಿ ದೊಡ್ಡಪ್ಪ? ದುಡಿಯೋ ಕೈ ನಂದು, ಬಸ್ಸಲ್ಲಿ ಕೂರೋ ಸೊಂಟ ನಂದು. ನನ್ನನ್ನ ಒಂದ್ಮಾತು ಕರೆದು ಕೇಳಿದ್ರಾ?"

ಮೂಲೆಯಲ್ಲಿ ಮರಗೆಣಸು ಸುಲಿಯುತ್ತಿದ್ದ ಅಮ್ಮ ತಲೆ ಎತ್ತದೆ ಮೆಲ್ಲಗೆ ಹೇಳಿದಳು, "ಹುಡುಗಿ ಕೇಳಿದ್ರಲ್ಲಿ ತಪ್ಪೇನಿದೆ ಭಾವ?"

ಉನೈಸಿ ಸಿಟ್ಟಿನಲ್ಲೇ ಸುವಾಗೆ ಫೋನ್ ಮಾಡಿದಳು. 'ಬರ್ತೀನಿ' ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಆಗ ಹೊಳೆಯಿತು... ಅವನ ಮೇಲಿನ ಕೋಪಕ್ಕೆ ಹೂಂ ಅಂದರೆ, ಅದೂ ಅವನೇ ನಿರ್ಧರಿಸಿದ ಹಾಗಲ್ಲವೇ? ಛೆ! ಸೋಮವಾರದವರೆಗೆ ಸಮಯ ಕೇಳಿ ಫೋನ್ ಇಟ್ಟಳು. ಆಮೇಲೆ ದಿಂಬಿಗೆ ಎರಡು ಗುದ್ದು ಕೊಟ್ಟಳು.

ಮರುದಿನ ಶನಿವಾರ. ಊಟ ಮುಗಿದಿತ್ತು. ಹೊರಗೆ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು.

ಎಮೋಸಿ! ತೊಳೆದು ಇಸ್ತ್ರಿ ಮಾಡಿದ, ಲುಂಗಿಯಂಥ ಸುಲು ಉಟ್ಟಿದ್ದ. ಕೈಯಲ್ಲಿ ಯಂಗೋನ ಬೇರು.

"ಮತ್ತೆ ಬಂದ್ಯಾ?" ಉನೈಸಿ ಸಿಡುಕಿದಳು. "ಈ ಸಲ ಏನು, ನಾನು ಉಸಿರಾಡೋದಕ್ಕೂ ದೊಡ್ಡಪ್ಪನ ಅಪ್ಪಣೆ ಬೇಕಾ?"

ಅವನು ಬಾಗಿ ಒಳಬಂದು ಚಾಪೆಯ ಮೇಲೆ ಕೂತ. ದೊಡ್ಡಪ್ಪ ಬೆನ್ನು ನೆಟ್ಟಗೆ ಮಾಡಿ ಗಂಟಲು ಸರಿಮಾಡಿಕೊಂಡರು. ಆದರೆ ಎಮೋಸಿ ಅವರತ್ತ ಹೋಗಲೇ ಇಲ್ಲ. ಮಂಡಿಯ ಮೇಲೆ ಸರಿಯುತ್ತಾ ಹೆಂಗಸರ ಕಡೆ ತಿರುಗಿದ.

"ಏ, ನಾನಿಲ್ಲಿದೀನಿ ಮಾರಾಯಾ!"

"ಗೊತ್ತು ದೊಡ್ಡಪ್ಪ. ಆದ್ರೆ ತಪ್ಪು ಮಾಡಿರೋದು ಇವಳಿಗೆ."

ಬೇರನ್ನು ಉನೈಸಿಯ ಮುಂದಿಟ್ಟು ತಲೆ ತಗ್ಗಿಸಿದ. ಕ್ಷಮೆಯ ಬೇರು ಗಂಡಸರನ್ನು ದಾಟಿ ಒಬ್ಬ ಹುಡುಗಿಯ ಮುಂದೆ ಬಂದದ್ದನ್ನು ಆ ಮನೆ ಯಾವತ್ತೂ ಕಂಡಿರಲಿಲ್ಲ. ಅಮ್ಮ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು.

"ದೊಡ್ಡಪ್ಪನ ಹತ್ರ ಕೇಳಿದ್ದನ್ನ ವಾಪಸ್ ತಗೋತೀನಿ. ಹೋಗೋದು ಬಿಡೋದು ನಿನ್ನಿಷ್ಟ, ಉನೈಸಿ. ತಪ್ಪಾಯ್ತು."

ಅವಳು ಬೇರನ್ನು ಮುಟ್ಟಲಿಲ್ಲ.

"ಯಾಕೆ ಹಾಗೆ ಮಾಡ್ದೆ? ಅದನ್ನ ಮೊದಲು ಹೇಳು."

ಅವನು ಚಾಪೆಯ ಅಂಚನ್ನು ಬೆರಳಿನಿಂದ ಒತ್ತುತ್ತಾ ಶುರುಮಾಡಿದ.

"ನಮ್ಮಮ್ಮ ಸುವಾದ ಹೋಟೆಲಲ್ಲಿ ನೆಲ ಒರೆಸ್ತಿದ್ಲು. ನಾನು ಏಳೋ ಮೊದ್ಲೇ ಹೋಗ್ತಿದ್ಲು. ಬಂದು ಹಾಗೇ ಚಾಪೆ ಮೇಲೆ ಬಿದ್ಕೋತಿದ್ಲು. ಈಗ ಅಮ್ಮ ಇಲ್ಲ... ನೆನಪು ಮಾಡ್ಕೊಂಡ್ರೆ ನಿದ್ದೆ ಮಾಡ್ತಿರೋ ಮುಖಾನೇ ಬರುತ್ತೆ ಕಣೇ. ಎದ್ದಿರೋ ಮುಖ ನೆನಪಾಗಲ್ಲ. ಈಗ ದಿನಾ ಮೊದಲ ಬಸ್ಸಲ್ಲಿ ಕನ್ನಡಿ ನೋಡಿದ್ರೆ, ಹಿಂದೆ ಎಲ್ಲಾ ಅದೇ ನಿದ್ದೆ ಮುಖಗಳು. ಅದ್ರಲ್ಲಿ ನಿನ್ನ ಮುಖ..."

ಅವನು ಬೇರನ್ನು ಇನ್ನಷ್ಟು ಅವಳ ಕಡೆ ಸರಿಸಿದ.

ಉನೈಸಿಯ ಎದೆ ಕರಗಿತು. ಆದರೂ ಕೋಪ ಪೂರ್ತಿ ಇಳಿಯಲಿಲ್ಲ. ಇಷ್ಟು ನೋವನ್ನು ಎರಡು ವರ್ಷ ಅವಳಿಂದ ಮುಚ್ಚಿಟ್ಟಿದ್ದನಲ್ಲ, ಅದಕ್ಕೂ ಸೇರಿಸಿ ಕೋಪ ಬಂತು!

"ಇದನ್ನ ನಂಗ್ಯಾಕೆ ಹೇಳ್ಲಿಲ್ಲ ಪಾಪಿ?"

"ಭಯ. ನಿನ್ನನ್ನ ಕೇಳಿದ್ರೆ ನೀನು ಆಗಲ್ಲ ಅನ್ನಬಹುದು. ಬೇರಿಟ್ರೆ ದೊಡ್ಡಪ್ಪ ಇಲ್ಲ ಅನ್ನಲ್ಲ... ಸುಲಭ ಅನ್ನಿಸ್ತು."

"ಹೇಡಿ!"

"ಹೂಂ. ಹೇಡಿ."

ದೊಡ್ಡಪ್ಪ ನಿಟ್ಟುಸಿರುಬಿಟ್ಟರು. "ಬೇಗ ಏನಾದ್ರೂ ಹೇಳು ಮಗಳೇ. ನನಗೆ ಇಟ್ಟ ಬೇರಲ್ಲ, ನಾನು ಚಪ್ಪಾಳೆ ತಟ್ಟೋ ಹಾಗಿಲ್ಲ."

ಉನೈಸಿ ಕೈ ಚಾಚಿದಳು. ಬೇರನ್ನು ಮುಟ್ಟಿದಳು. ಅಂಗೈ ಕುಳಿ ಮಾಡಿ ಚಪ್ಪಾಳೆ ತಟ್ಟಿದಳು. ಮೊದಲನೆಯದು ಸರಿಯಾಗಿ ಬರಲೇ ಇಲ್ಲ.

ಎಮೋಸಿ ತಲೆ ಎತ್ತಿದ.

"ಕ್ಷಮಿಸಿದೀನಿ," ಎಂದಳು. "ಆದ್ರೆ ನಾನು ಕೆಲಸಕ್ಕೆ ಹೋಗ್ತೀನಿ. ನಿನ್ನ ಮೇಲಿನ ಸಿಟ್ಟಿಗಲ್ಲ. ಬೆಳಿಗ್ಗೆಯಿಂದ ತಣ್ಣಗೆ ಕೂತು ಯೋಚನೆ ಮಾಡಿದೀನಿ. ಅಮ್ಮನ ತಲೆ ಮೇಲೆ ಗಟ್ಟಿ ತಗಡು ಬೇಕು."

ಅವನ ಮುಖ ಇಳಿಯಿತು. ಆದರೂ ತಲೆಯಾಡಿಸಿದ. "ಸರಿ."

"ಸರಿ ಅಂತೆ, ಸರಿ! ಮನಸ್ಸಲ್ಲಿರೋದು ಹೇಳೋ! ದೊಡ್ಡಪ್ಪನ ಕಡೆ ನೋಡ್ಬೇಡ, ನನ್ನ ಮುಖ ನೋಡಿ ಹೇಳು."

"ಹೋಗ್ಬೇಡ..." ಅವನ ದನಿ ಒಡೆಯಿತು. "ನೀನಂದ್ರೆ ನಂಗೆ ಜೀವ, ಉನೈಸಿ. ಹೋಗ್ಬೇಡ ಅನ್ಸುತ್ತೆ."

ಎರಡು ವರ್ಷ ಇದೊಂದು ಮಾತಿಗೆ ಅವಳು ಕಾದಿದ್ದಳು. ಈಗ ಕಣ್ಣೀರು ತಡೆಯಲು ಪ್ರಯತ್ನವನ್ನೂ ಪಡಲಿಲ್ಲ.

"ಕೇಳಿಸ್ಕೊಂಡೆ," ಎಂದಳು, ಅವನ ಕೈಯನ್ನು ಗಟ್ಟಿಯಾಗಿ ಹಿಡಿದು. "ನಂಗೂ ನೀನಂದ್ರೆ ಜೀವಾನೇ. ಆದ್ರೂ ಹೋಗ್ತೀನಿ. ಒಂದು ವರ್ಷ ನೋಡೋಣ. ಆಮೇಲೆ ಬೇಕಿದ್ರೆ ಮತ್ತೆ ಕೇಳು."

ಎಮೋಸಿ ಕಣ್ಣೊರೆಸಿಕೊಂಡು, ತುಂಬಾ ಗಂಭೀರವಾಗಿ ಕೇಳಿದ.

"ಯಾರನ್ನ ಕೇಳ್ಲಿ?"

"ನನ್ನನ್ನ ಕಣೋ, ಕತ್ತೆ! ನನ್ನನ್ನ!"