ಆಫ್ ಮಾಡಿದ ಕಂಪ್ಯೂಟರಿನ ಉತ್ತರ

ಬೆಳಗಾಗುತ್ತಲೇ ಗಂಡ ಬಂದು ಬಾಗಿಲು ಒದ್ದಿದ್ದ. ಆಕೆ ಮಗುವನ್ನು ಬಾಚಿಕೊಂಡು ಹಿಂಬಾಗಿಲಿನಿಂದ ಓಡಿದವಳು ನೇರ ವಕೀಲೆಯ ಕಚೇರಿಗೆ ಬಂದಿದ್ದಳು. ಹೊಡೆಯುವ ಗಂಡನಿಂದ ಅವಳು ಅಡಗಿದ್ದ ಮನೆಯ ವಿಳಾಸ ಇದ್ದದ್ದು ಒಂದೇ ಕಡೆ, ಈ ಕಚೇರಿಯ ಸರ್ವರಿನಲ್ಲಿ.

ಸರ್ವರಿನ ದಾಖಲೆ ನೋಡಿದ ವಕೀಲೆಯ ಮುಖ ಬಿಳಿಚಿತು. ನಿನ್ನೆ ಮಧ್ಯಾಹ್ನ ಯಾರೋ ಆ ವಿಳಾಸದ ಫೈಲ್ ತೆರೆದಿದ್ದರು.

"ತೆರೆದ ಕಂಪ್ಯೂಟರಿನ ಐಪಿ ನಂಬರು ಇಪ್ಪತ್ತಮೂರು. ಯಾರ ಕಂಪ್ಯೂಟರ್ ಇದು?"

"ನಂದೇ, ಮೇಡಂ." ಹೊಸ ಹುಡುಗಿ ಎದ್ದು ನಿಂತಳು. ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವುದನ್ನು ಕಲಿಯಲು ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. "ಆದ್ರೆ ಆಗ ನಾನು ಕ್ಲಾಸಿಗೆ ಹೋಗಿದ್ದೆ. ಆಫ್ ಮಾಡಿಯೇ ಹೋಗಿದ್ದೆ."

"ನೋಡಿದವರು ಯಾರು?" ಜೂನಿಯರ್ ವಕೀಲ ಗದರಿದ. "ಪೊಲೀಸರನ್ನ ಕರೀರಿ, ಮೇಡಂ."

ವಕೀಲೆ ಟೈಪಿಸ್ಟ್ ಕಡೆ ತಿರುಗಿದರು. "ನಿನ್ನೆ ಅವಳ ಕುರ್ಚಿಯಲ್ಲಿ ನೀವು ಕೂತಿದ್ರಲ್ಲಾ?"

"ಊಟಕ್ಕೆ ಕೂತಿದ್ದೆ, ಅಷ್ಟೇ! ಕಂಪ್ಯೂಟರಿನ ದೀಪಾನೇ ಉರೀತಿರಲಿಲ್ಲ."

ಹುಡುಗಿಗೆ ತಟ್ಟನೆ ಹೊಳೆಯಿತು. ದೀಪ ಉರಿಯದ ಯಂತ್ರ ಫೈಲ್ ತೆರೆಯುವುದು ಹೇಗೆ? ಬೆಳಿಗ್ಗೆ ಅವಳ ಪರದೆಯಲ್ಲಿ ಒಂದು ಎಚ್ಚರಿಕೆ ಮೂಡಿತ್ತು: ಇದೇ ನಂಬರನ್ನು ಇನ್ನೊಂದು ಯಂತ್ರ ಬಳಸುತ್ತಿದೆ. ತಾನೇ ಏನೋ ಎಡವಟ್ಟು ಮಾಡಿದ್ದೇನೆಂದು ಹೆದರಿ ಸುಮ್ಮನಿದ್ದಳು.

"ಪೊಲೀಸರನ್ನ ಕರೆಯೋ ಮುಂಚೆ ಒಂದು ಪರೀಕ್ಷೆ ಮಾಡ್ಲಾ, ಮೇಡಂ?"

* * *

ತನ್ನ ಕಂಪ್ಯೂಟರನ್ನು ಆಫ್ ಮಾಡಿದಳು. ವಕೀಲೆಯ ಕಂಪ್ಯೂಟರಿನಿಂದ ಇಪ್ಪತ್ತಮೂರನ್ನು ಪಿಂಗ್ ಮಾಡಿದಳು, ಅಂದರೆ 'ಇದ್ದೀಯಾ?' ಎಂದು ಕೂಗಿದಳು. ಯಾರೂ ಓಗೊಡಬಾರದಿತ್ತು. ಆದರೆ ಸಾಲು ಸಾಲಾಗಿ ಉತ್ತರ ಬಂತು.

ಎಲ್ಲ ಕಂಪ್ಯೂಟರುಗಳ ಕೇಬಲ್ ಬಂದು ಸೇರುವ ಮೂಲೆಯ ಸ್ವಿಚ್ ಪೆಟ್ಟಿಗೆಯ ಮುಂದೆ ಹುಡುಗಿ ಮಂಡಿಯೂರಿದಳು. ಟೈಪಿಸ್ಟ್ ಕಂಪ್ಯೂಟರಿನ ಕೇಬಲ್ ಕಿತ್ತಳು.

"ಬರ್ತಾನೇ ಇದೆ," ಎಂದರು ವಕೀಲೆ, ಪರದೆ ನೋಡುತ್ತಾ.

ಅದನ್ನು ಮತ್ತೆ ಸಿಕ್ಕಿಸಿ, ನೀಲಿ ಕೇಬಲ್ ಕಿತ್ತಳು.

"ನಿಂತೋಯ್ತು!"

ನೀಲಿ ಕೇಬಲನ್ನು ಬೆರಳಲ್ಲೇ ಹಿಡಿದು ಹೊರಟಳು. ಗೋಡೆಯಂಚು, ಬೀರುವಿನ ಹಿಂದೆ, ಬಾಗಿಲ ಸಂದು. ಕೊನೆಗೆ ಅದು ಜೂನಿಯರ್ ವಕೀಲನ ಲ್ಯಾಪ್‌ಟಾಪಿಗೆ ಸೇರಿತ್ತು.

"ಏನೋ ತಾನಾಗೇ ಬದಲಾಗಿರಬೇಕು," ಎಂದ ಅವನು. ದನಿ ಇಳಿದಿತ್ತು.

"ಇಲ್ಲ ಸರ್. ರೂಟರ್ ತಾನಾಗಿ ಹಂಚಿದ್ರೆ ಒಂದೇ ನಂಬರು ಇಬ್ಬರಿಗೆ ಕೊಡಲ್ಲ. ಇದನ್ನ ಕೈಯಲ್ಲೇ ಟೈಪ್ ಮಾಡಿರೋದು. ನಿಮ್ಮ ಪಾಸ್‌ವರ್ಡ್ ಇಲ್ದೆ ಈ ಲ್ಯಾಪ್‌ಟಾಪ್ ತೆರೆಯಲ್ಲ. ನಾನಿಲ್ಲದಾಗ ನನ್ನ ನಂಬರು ಹಾಕ್ಕೊಂಡು ಫೈಲ್ ತೆಗೆದ್ರಿ. ಬದಲಾಯಿಸೋದು ಮರೆತ್ರಿ."

ಅವನು ಕುಸಿದು ಕೂತ. "ಇವರ ಗಂಡ ನನ್ನ ಸ್ನೇಹಿತ, ಮೇಡಂ. ಮಾತಾಡಬೇಕು ಅಷ್ಟೇ ಅಂದ. ಸಂಸಾರ ಸರಿಹೋಗಲಿ ಅಂತ..."

"ನನ್ನ ಕೈ ಮುರಿದಾಗಲೂ ಮಾತಾಡಬೇಕು ಅಂತಾನೇ ಒಳಗೆ ಬಂದಿದ್ದ," ಎಂದಳು ಮಗುವನ್ನು ಅಪ್ಪಿಕೊಂಡಿದ್ದವಳು.

ವಕೀಲೆ ಫೋನ್ ಎತ್ತಿ ಪೊಲೀಸರಿಗೆ ಕರೆ ಮಾಡಿದರು.

* * *

ಪೊಲೀಸರು ಬಂದು ಅವನನ್ನು ಕರೆದೊಯ್ದರು. ವಕೀಲೆ ಆಕೆಗೆ ಬೇರೊಂದು ಮನೆ ಗೊತ್ತುಮಾಡಿದರು. ವಿಳಾಸವನ್ನು ಟೈಪ್ ಮಾಡಲು ಕೀಲಿಮಣೆಗೆ ಕೈಯಿಟ್ಟವರು, ಒಂದು ಕ್ಷಣ ತಡೆದು, ಕೈ ಹಿಂತೆಗೆದರು. ಎದ್ದು ಹೋಗಿ ಅದನ್ನು ಆಕೆಯ ಕಿವಿಯಲ್ಲಿ ಉಸುರಿದರು.

ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಒಂದಕ್ಷರವೂ ಕೇಳಿಸಲಿಲ್ಲ; ಇನ್ನು ಆ ವಿಳಾಸ ಯಾವ ಕಂಪ್ಯೂಟರಿನಲ್ಲೂ ಸಿಗದು. ಬೆಳಗಿನಿಂದ ಮೊದಲ ಸಲ ಅವಳ ಎದೆ ಹಗುರಾಯಿತು.