ಹಂಡೆ ಮುಚ್ಚಳದ ಮುಚ್ಚಳಿಕೆ

“ಅಜ್ಜೀ, ಹಾಲಿನ ಪಾತ್ರೇದು ಸಾಕೋ, ಸಾರಿನ ಪಾತ್ರೇದು ತಗಳ್ಲೋ?”

ಜಯಪ್ಪ ಅಡುಗೆಮನೆಯ ಅಟ್ಟದ ಹಲಗೆಯ ಮೇಲೆ ಅರ್ಧ ಮೈ ತೂರಿಸಿಕೊಂಡು ಕೂಗಿದ. ಒಂದೊಂದೇ ಮುಚ್ಚಳ ಠಣ್ ಠಣ್ ಅಂತ ಕೆಳಗೆ ಬೀಳುತ್ತಿತ್ತು. ಆ ಸದ್ದಿಗೆ ಬೀದಿಯ ನಾಯಿಗಳೆಲ್ಲ ಎದ್ದು, ಇಲ್ಲಿ ಯಾರದೋ ಮದುವೆಯೆಂದು ತಿಳಿದು, ಸಾಲಾಗಿ ಬಾಗಿಲಲ್ಲಿ ಊಟಕ್ಕೆ ಕೂತವು.

ಹೂವಮ್ಮಜ್ಜಿ ಸೊಂಟಕ್ಕೆ ಕೈಯಿಟ್ಟು ಯೋಚಿಸಿದಳು. “ಪೊಲೀಸ್ನೋರು ಕೇಳಿದ್ದು ಅಂದ್ಮೇಲೆ ಸಣ್ಣದು ಕೊಟ್ರೆ ಸಿಟ್ಟಾಗ್ತಾರೆ ಕಣಪ್ಪ. ಬಚ್ಚಲು ಹಂಡೇದು ತಗಂಡೋಗು. ಅದಕ್ಕಿಂತ ದೊಡ್ಡದು ನಮ್ಮನ್ಯಾಗೆ ಇಲ್ಲ.”

ನಿನ್ನೆ ಸಂಜೆ ಪೊಲೀಸಿನವನೊಬ್ಬ ಸೈಕಲ್ಲಿನಿಂದ ಇಳಿಯದೆಯೇ ಹೇಳಿ ಹೋಗಿದ್ದ: “ನಾಳೆ ಎಂಟು ಗಂಟೆಗೆ ಹುಡುಗನ್ನ ಸ್ಟೇಷನ್ನಿಗೆ ಕಳಿಸಮ್ಮಾ. ಮುಚ್ಚಳಿಕೆ ಕೊಡಬೇಕಂತೆ. ಕೊಡದಿದ್ರೆ ಕೇಸು.”

ಅಪ್ಪ ಅವ್ವ ಇಬ್ಬರೂ ಅಂಜನಾಪುರದ ಕಡೆಯ ಗದ್ದೆಗೆ ನೀರು ಹಾಯಿಸಲು ಹೋಗಿ ಎರಡು ದಿನವಾಗಿತ್ತು. ಹಾಗಾಗಿ ಮುಚ್ಚಳಿಕೆ ಅಂದರೇನು ಎಂದು ಅಜ್ಜಿ ಮೊಮ್ಮಗ ಇಬ್ಬರೇ ಕೂತು ತಲೆ ಕೆರೆದುಕೊಂಡರು. ಮುಚ್ಚಳವನ್ನೇ ಸರ್ಕಾರದವರು ನಾಜೂಕಾಗಿ ಹಾಗೆ ಅನ್ನುತ್ತಾರೆ ಎಂದು ಅಜ್ಜಿ ಕೊನೆಗೆ ತೀರ್ಪು ಕೊಟ್ಟಳು.

ಕೇಸು ಆದರೆ ಏನಾಗುತ್ತದೆ ಎಂಬುದು ಮಾತ್ರ ಜಯಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಹೆಡ್‌ಮೇಷ್ಟ್ರು ಮೈದಾನದಲ್ಲೇ ಗುಡುಗಿದ್ದರು: “ಠಾಣೆ ಪುಸ್ತಕದಲ್ಲಿ ಹೆಸರು ಬಂದವನ ಹೆಸರು ನನ್ನ ಸ್ಕೂಲಿನ ಪುಸ್ತಕದಲ್ಲಿ ಇರಲ್ಲ!” ಸ್ಕೂಲಿಲ್ಲ ಅಂದರೆ ಫುಟ್‌ಬಾಲ್ ಟೀಮೂ ಇಲ್ಲ. ಬರುವ ಶನಿವಾರ ಸೊರಬದಲ್ಲಿ ಎರಡನೇ ಮ್ಯಾಚು. ಜಯಪ್ಪನಿಲ್ಲದ ಟೀಮು ಅಂದರೆ ಬಾಗಿಲಿಲ್ಲದ ಮನೆ ಎಂದು ಊರೇ ಹೇಳುತ್ತಿತ್ತು. ಊರು ಅಂದರೆ ಮುಖ್ಯವಾಗಿ ಜಯಪ್ಪ.

ಇಷ್ಟಕ್ಕೂ ಆದದ್ದೇನು?

ಮೊದಲು ಜಯಪ್ಪನ ಬಲಗಾಲಿನ ವಿಷಯ ಹೇಳಬೇಕು. ಆ ಕಾಲಿನಿಂದ ಅವನು ಚೆಂಡು ಒದ್ದರೆ ಅದು ನೇರ ತಾಳಗುಂದಕ್ಕೆ ಹೋಗಿ, ಅಲ್ಲಿನ ಶಾಸನವನ್ನು ಮೊದಲಿನಿಂದ ಕೊನೆಯವರೆಗೆ ಓದಿಕೊಂಡು, ಸಂಜೆಯ ಬಸ್ಸಿಗೆ ವಾಪಸು ಬರುತ್ತಿತ್ತು. ಬೂಟು ಗೀಟು ಏನೂ ಇಲ್ಲ, ಬರಿಗಾಲು. ಪಾದ ಎಷ್ಟು ಗಟ್ಟಿಯೆಂದರೆ ಜಾಲಿಮುಳ್ಳುಗಳು ಅವನನ್ನು ದೂರದಿಂದಲೇ ಕಂಡು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು.

ಅಂಥ ಕಾಲು ಮೊದಲನೇ ಮ್ಯಾಚಿನಲ್ಲಿ ಎದುರು ಟೀಮಿನ, ಸೊರಬದ ತ್ರ್ಯಂಬಕನ ಮುಂದೆ ಸೋತಿತು. ತ್ರ್ಯಂಬಕ ಬೆಂಕಿಕಡ್ಡಿಯಂಥ ಹುಡುಗ. ಓಡುವಾಗ ಅವನ ನೆರಳು ನಾಲ್ಕು ಮಾರು ಹಿಂದೆ ಬಿದ್ದು ಏದುಸಿರು ಬಿಡುತ್ತಿತ್ತು. ಮೂರು ಸಲ ಬಂದ. ಮೂರು ಸಲವೂ ಚೆಂಡನ್ನು ಜಯಪ್ಪನ ಎರಡು ಕಾಲಿನ ನಡುವೆಯೇ ತೂರಿಸಿ, ತಾನು ಪಕ್ಕದಿಂದ ಹಾದು ಹೋದ. ಮೂರನೇ ಸಲವಂತೂ ಮೈದಾನದ ಅಂಚಿನಲ್ಲಿ ಮೇಯುತ್ತಿದ್ದ ಎಮ್ಮೆಯೂ ತಲೆಯೆತ್ತಿ ನಕ್ಕಿತು.

“ಅದೇನ್ಲೇ ಜಯಪ್ಪ, ಕಾಲೋ ಊರ ಬಾಗ್ಲೋ?” ಎಂದು ಯಾರೋ ಕೂಗಿದರು.

ನಾಲ್ಕನೇ ಸಲ ಜಯಪ್ಪನ ಬಲಗಾಲು ಚೆಂಡಿನ ಕಡೆ ಹೋಗಲೇ ಇಲ್ಲ. ತ್ರ್ಯಂಬಕನ ಮೊಣಕಾಲಿನ ಕೆಳಗೆ ಹೋಯಿತು. ಠಪ್! ಆ ಸದ್ದಿಗೆ ಶಿಕಾರಿಪುರದ ಕಾಗೆಗಳೆಲ್ಲ ಒಟ್ಟಿಗೆ ಎದ್ದು, ಹೋಗಿ ಚಂದ್ರಗುತ್ತಿಯ ಗುಡ್ಡದ ಮೇಲೆ ಕೂತವು.

ತ್ರ್ಯಂಬಕ ಬಿದ್ದ. ಸುದ್ದಿ ಎದ್ದಿತು. ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಕಾಲು ಎರಡು ತುಂಡಾಗಿತ್ತು. ಪೇಟೆ ಬೀದಿಗೆ ಬರುವಷ್ಟರಲ್ಲಿ ಐದು ತುಂಡು. ಹಿಟ್ಟಿನ ಗಿರಣಿ ಮುಟ್ಟುವಷ್ಟರಲ್ಲಿ, ಹುಡುಗನಿಗೆ ಮರದ ಕಾಲು ಮಾಡಲು ಬಡಗಿ ಅಳತೆ ತೆಗೆದುಕೊಂಡು ಹೋಗಿಯೂ ಆಗಿತ್ತು.

ತ್ರ್ಯಂಬಕನ ಸೋದರಮಾವ ಗೌರೀಶಂಕರ ಭಟ್ಟರು ಇರುವುದು ಶಿಕಾರಿಪುರದಲ್ಲೇ. ತಾಲ್ಲೂಕು ಕಚೇರಿಯ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುವುದು ಅವರ ಕೆಲಸ. ಯಾರದೋ ಎಮ್ಮೆ ಕಳೆದರೇ ಎಂಟು ಪುಟ ಬರೆಯುವವರು, ಸ್ವಂತ ಅಕ್ಕನ ಮಗನ ಕಾಲಿಗೆ ಏಟು ಬಿದ್ದರೆ ಸುಮ್ಮನಿರುತ್ತಾರೆಯೇ? ಹುಡುಗನನ್ನು ತಮ್ಮ ಮನೆಯಲ್ಲೇ ಮಲಗಿಸಿ, ಪೆನ್ನಿಗೆ ಇಂಕು ತುಂಬಿ, ನೇರ ಠಾಣೆಗೆ ನಡೆದಿದ್ದರು.

ಜಯಪ್ಪ ತಾಮ್ರದ ಮುಚ್ಚಳವನ್ನು ತಲೆಯ ಮೇಲಿಟ್ಟುಕೊಂಡು ಠಾಣೆಯ ಮೆಟ್ಟಿಲು ಹತ್ತಿದ. ಬಿಸಿಲಿಗೆ ಅದು ಹೊಳೆದ ಹೊಳಪು ಕಂಡು ಎದುರು ಬೀದಿಯ ಹುಂಜ, ಇವತ್ತು ಎರಡನೇ ಸಲ ಬೆಳಗಾಯಿತೆಂದು ಕೂಗಿಕೊಂಡಿತು.

ಒಳಗೆ ದಫೇದಾರ್ ಉಚ್ಚಂಗಪ್ಪ ಕೂತಿದ್ದರು. ಮೀಸೆ ಅಂದರೆ ಮೀಸೆ! ಎರಡು ಅಳಿಲು ಬಾಲ ಬಿಟ್ಟುಕೊಂಡು ಮೂಗಿನ ಕೆಳಗೆ ಮಲಗಿದ ಹಾಗಿತ್ತು. ಎದುರು ಬೆಂಚಿನ ಮೇಲೆ ಗೌರೀಶಂಕರ. ಪಕ್ಕದಲ್ಲಿ, ಮ್ಯಾಚಿಗೆ ಸೀಟಿ ಊದಿದ ಡ್ರಿಲ್ ಮೇಷ್ಟ್ರು ಸಣ್ಣಪ್ಪ.

“ಏನ್ಲೇ ತಮ್ಮಾ ಅದು?” ಎಂದರು ದಫೇದಾರ್.

“ಮುಚ್ಚಳಿಕೆ ಸಾರ್. ತಾಮ್ರದ್ದು.” ಜಯಪ್ಪ ಅದನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದ. “ಮನ್ಯಾಗೆ ಇದಕ್ಕಿಂತ ದೊಡ್ಡದು ಇಲ್ವಂತೆ ಸಾರ್.”

ದಫೇದಾರ್ ನಕ್ಕರು ನೋಡಿ! ಠಾಣೆಯ ಹೆಂಚುಗಳೆಲ್ಲ ಗಲಗಲ ಅಂದವು. ಲಾಕಪ್ಪಿನ ಬೀಗ ತಾನಾಗಿಯೇ ಕಳಚಿ ಬಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

“ಮುಚ್ಚಳಿಕೆ ಅಂದ್ರೆ ಕಾಗದ ಕಣ್ಲೇ! ‘ತಪ್ಪಾತು, ಇನ್ಮೇಲೆ ಹಿಂಗೆ ಮಾಡಲ್ಲ’ ಅಂತ ಬರ್ದು ಸೈನ್ ಹಾಕೋ ಕಾಗದ!” ಅವರು ಕಣ್ಣೊರೆಸಿಕೊಂಡರು. “ಆ ಮುಚ್ಚಳ ಮೂಲೇಲಿಟ್ಟು ಇಲ್ಲಿ ಬಂದು ನಿಂತ್ಕ. ಓದ್ರಿ ಭಟ್ರೇ, ನಿಮ್ಮ ಅರ್ಜಿ.”

ಗೌರೀಶಂಕರ ಕನ್ನಡಕ ಏರಿಸಿ ಓದಿದರು: “ಆರೋಪಿ ಜಯಪ್ಪ ಬಿನ್ ಕೆಂಪಪ್ಪ, ವಯಸ್ಸು ಹನ್ನೊಂದು, ತನ್ನ ಸ್ವಂತ ಬಲಗಾಲನ್ನು ಆಯುಧವನ್ನಾಗಿ ಧರಿಸಿ...”

“ಸ್ವಂತದ್ದಲ್ದೆ ಬಾಡಿಗೆ ಕಾಲು ಸಿಗ್ತಾವೇನ್ರಿ?” ದಫೇದಾರ್ ನಡುವೆ ಬಾಯಿ ಹಾಕಿದರು. “ಭಟ್ರೇ, ಫುಟ್‌ಬಾಲ್ ಅಂದ್ಮೇಲೆ ಕಾಲಿಗೆ ಕಾಲು ತಾಗ್ತೈತೆ. ಅದಕ್ಕೆಲ್ಲ ಕೇಸ್ ಹಾಕಿದ್ರೆ ಇಪ್ಪತ್ತೆರಡು ಜನಾನೂ ಲಾಕಪ್ಪಿಗೆ ಹಾಕ್ಬೇಕು. ಕಲ್ಕತ್ತಾದಾಗೆ ಸಂಬಳ ತಗಂಡು ಆಡೋರು ಇದಾರಂತೆ. ಅವರಿಗೂ ಬೇಡಿ ಹಾಕ್ತಾರೇನ್ರಿ?”

“ಹಾಕ್ಬೇಕು!” ಗೌರೀಶಂಕರ ಮೇಜು ಗುದ್ದಿದರು. “ಇದೇ ಹುಡುಗ ನಿಮ್ಮ ಠಾಣೆ ಮುಂದಿನ ರಸ್ತೇಲಿ ನಮ್ಮ ತ್ರ್ಯಂಬಕನಿಗೆ ಹೀಗೆ ಒದ್ದಿದ್ರೆ ನೀವು ಸುಮ್ನೆ ಇರ್ತಿದ್ರಾ? ಅದೇ ಕಾಲು, ಅದೇ ಏಟು. ಮೈದಾನಕ್ಕೆ ಸುಣ್ಣದ ಗೆರೆ ಎಳೆದ ಕೂಡ್ಲೇ ಅದರೊಳಗೆ ಕಾನೂನು ಸತ್ತೇಹೋಗ್ತದಾ?”

ದಫೇದಾರ್ ಮೀಸೆಯ ಎಡ ಅಳಿಲನ್ನು ಸವರಿದರು. ಆಮೇಲೆ ಬಲ ಅಳಿಲನ್ನು. ಮಹಾರಾಜರ ಕಾಲದಲ್ಲಿ ಕೆಲಸಕ್ಕೆ ಸೇರಿದ ಅವರಿಗೆ ಇಷ್ಟು ವರ್ಷದಲ್ಲಿ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ.

“ಗೆರೆ ಬಿಡ್ರಿ. ಸೀಟಿ ನೋಡೋಣ,” ಎಂದರು ಕೊನೆಗೆ. “ಸೀಟಿಗೆ ಮುಂಚೆ ತಾಗಿದ್ರೆ ಅದು ಆಟ. ಸೀಟಿ ಕೇಳಿ, ಆಟ ನಿಂತ ಮೇಲೂ ಒದ್ದಿದ್ರೆ ಅದು ಹೊಡೆದಾಟ. ಅದಕ್ಕೆ ಕೇಸು ಆಗ್ತೈತೆ. ಮೇಷ್ಟ್ರೇ, ನೀವು ಯಾವಾಗ ಊದಿದ್ರಿ?”

ಸಣ್ಣಪ್ಪ ಮೇಷ್ಟ್ರು ಕತ್ತಿನ ಸೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. “ಚೆಂಡು ಗೆರೆ ದಾಟಿತ್ತು ಸಾರ್. ಅವನು ಒದೆಯೋಕೆ ಮುಂಚೇನೇ ಊದಿದೆ.”

ಜಯಪ್ಪ ಬಲಗಾಲನ್ನು ಮೆಲ್ಲಗೆ ಎಡಗಾಲಿನ ಹಿಂದೆ ಅಡಗಿಸಿದ.

“ಆದ್ರೆ ಸಾರ್...” ಮೇಷ್ಟ್ರು ತಲೆ ಕೆರೆದುಕೊಂಡರು. “ಅದು ಸರಿಯಾಗಿ ಊದ್ಲಿಲ್ಲ.”

“ಎಲ್ಲಿ, ಈಗ ಊದ್ರಿ.”

ಮೇಷ್ಟ್ರು ಕತ್ತಿನಲ್ಲಿದ್ದ ಸೀಟಿಯನ್ನು ಬಾಯಿಗಿಟ್ಟು, ಕೆನ್ನೆಗಳನ್ನು ಎರಡು ಕುಂಬಳಕಾಯಿ ಮಾಡಿಕೊಂಡು, ಕಣ್ಣು ಹೊರಗೆ ಬರುವ ಹಾಗೆ ಊದಿದರು.

ಪುಸ್.

ದಫೇದಾರ್ ಸೀಟಿಯನ್ನು ಕಸಿದುಕೊಂಡು ಮೇಜಿಗೆ ಕುಟ್ಟಿದರು. ಗುಂಡುಸೂಜಿ ಹಾಕಿ ಮೀಟಿದರು. ಒಳಗಿಂದ ಟಪ್ಪನೆ ಒಂದು ಅಲಸಂದೆ ಕಾಳು ಬಿತ್ತು. ನೆನೆದು ದಪ್ಪಗೆ ಉಬ್ಬಿತ್ತು. ತುದಿಯಲ್ಲಿ ಬೆಳ್ಳಗೆ ಮೊಳಕೆ ಇಣುಕುತ್ತಿತ್ತು.

“ಒಳಗಿನ ಗುಂಡು ಕಳೆದುಹೋಗಿತ್ತು ಸಾರ್,” ಎಂದರು ಮೇಷ್ಟ್ರು ನೆಲ ನೋಡುತ್ತ. “ಮನೇಲಿ ಅಲಸಂದೆ ಇತ್ತು, ಒಂದು ಹಾಕ್ದೆ. ಊದಿ ಊದಿ ನೆನೆದ್ಬಿಡ್ತು.”

“ಇನ್ನೆರಡು ಮ್ಯಾಚ್ ಆಡ್ಸಿದ್ರೆ ಬಳ್ಳಿ ಹಬ್ತಿತ್ತಲ್ರೀ!” ದಫೇದಾರ್ ಜಯಪ್ಪನ ಕಡೆ ತಿರುಗಿದರು. “ನಿಜ ಹೇಳ್ಲೇ. ಈ ಪುಸ್ ನಿಂಗೆ ಕೇಳಿಸ್ತಾ?”

ಜಯಪ್ಪ ಬಾಯಿ ತೆರೆದ.

ಅಷ್ಟರಲ್ಲಿ ಮೇಷ್ಟ್ರೇ, “ಅಷ್ಟು ಜನದ ಗಲಾಟೇಲಿ ಇದು ಯಾರಿಗೆ ಕೇಳ್ಸುತ್ತೆ ಸಾರ್? ಊದಿದ ನಂಗೇ ಕೇಳ್ಸಲಿಲ್ಲ” ಅಂದುಬಿಟ್ಟರು.

ಜಯಪ್ಪ ತಲೆಯಾಡಿಸಿದ. ಅದು ಹೌದೋ ಇಲ್ಲವೋ ಅವನ ತಲೆಗೇ ತಿಳಿಯದ ಹಾಗೆ ಆಡಿಸಿದ.

“ಮುಗೀತು! ಸೀಟಿ ಕೇಳಿಲ್ಲ, ಆಟ ನಿಂತಿಲ್ಲ. ಕೇಸೂ ಇಲ್ಲ, ಮುಚ್ಚಳಿಕೇನೂ ಬ್ಯಾಡ.” ದಫೇದಾರ್ ಮುಚ್ಚಳಿಕೆಗೆಂದು ತೆಗೆದಿಟ್ಟಿದ್ದ ಬಿಳಿ ಹಾಳೆಯನ್ನು ಅವನ ಕೈಗೆ ತುರುಕಿದರು. “ತಗ, ಸ್ಕೂಲಿನ ಲೆಕ್ಕ ಮಾಡು. ಆ ಮುಚ್ಚಳ ಮರ್ತು ಹೋಗ್ಬ್ಯಾಡ. ನಿಮ್ಮಜ್ಜಿ ನನ್ ಮ್ಯಾಲೆ ಕೇಸ್ ಹಾಕ್ತಾಳೆ!”

ಗೌರೀಶಂಕರ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ಸೇರಿಸಿದರು. “ಕೇಳಿಸಿತ್ತು ಅಂತ ಒಂದೇ ಒಂದು ಸಾಕ್ಷಿ ಸಿಗಲಿ, ಇದೇ ಅರ್ಜಿ ತಗಂಡು ಮತ್ತೆ ಬರ್ತೇನೆ,” ಎಂದು ಬುಸುಗುಟ್ಟುತ್ತ ಎದುರಿನ ಹೋಟೆಲಿಗೆ ಕಾಫಿ ಕುಡಿಯಲು ಹೋದರು.

ಹೊರಗೆ ಬಂದ ಜಯಪ್ಪ ಕುಣಿಯಬೇಕಿತ್ತು. ಬರುವಾಗ ಮುತ್ತುಗದ ಎಲೆಯ ಹಾಗೆ ಹಗುರವಾಗಿದ್ದ ಮುಚ್ಚಳ ಈಗ ಕತ್ತು ಒತ್ತುತ್ತಿತ್ತು.

ಇಷ್ಟು ಹೊತ್ತು ಒಂದಕ್ಕೆ ಹತ್ತು ಸೇರಿಸಿ ಹೇಳಿದ್ದಾಯಿತು. ಇದೊಂದಕ್ಕೆ ಮಾತ್ರ ಏನೂ ಸೇರಿಸುವುದಿಲ್ಲ. ಆ ಪುಸ್ ಅವನಿಗೆ ಕೇಳಿಸಿತ್ತು.

ಕಾಲು ಎತ್ತುವ ಮುಂಚೆಯೇ ಕೇಳಿಸಿತ್ತು.

ಅವನು ಮನೆಯ ದಾರಿ ಬಿಟ್ಟು ಗೌರೀಶಂಕರರ ಮನೆಯ ಕಡೆ ತಿರುಗಿದ.

ತ್ರ್ಯಂಬಕ ಜಗುಲಿಯ ಮೇಲೆ ಕಾಲು ಚಾಚಿ, ಹುರಿಗಡಲೆ ತಿನ್ನುತ್ತ ಕೂತಿದ್ದ. ಮೊಣಕಾಲಿನ ಕೆಳಗೆ ಬಿಸಿ ಮಾಡಿದ ಹರಳೆಲೆ ಇಟ್ಟು ಬಟ್ಟೆ ಸುತ್ತಿದ್ದರು. ಐದು ತುಂಡೂ ಇಲ್ಲ, ಎರಡು ತುಂಡೂ ಇಲ್ಲ, ಕಾಲು ಇಡಿಯಾಗಿಯೇ ಇತ್ತು. ಊತ ನಿಂಬೆಹಣ್ಣಿನಷ್ಟು.

“ಎಂತ ಮಾರಾಯಾ,” ಎಂದ ತ್ರ್ಯಂಬಕ, “ಇವತ್ತು ಗುರಾಣಿ ಬೇರೆ ಹಿಡ್ಕಂಡು ಬಂದಿದೀಯಾ?”

“ಗುರಾಣಿ ಅಲ್ಲಲೇ. ಮುಚ್ಚಳಿಕೆ.” ಜಯಪ್ಪ ಠಾಣೆಯ ಕತೆ ಹೇಳಿದ. ತ್ರ್ಯಂಬಕ ನಕ್ಕ ನಗುವಿಗೆ ಹುರಿಗಡಲೆ ಮೂಗಿನಿಂದ ಹೊರಗೆ ಬಂತು.

“ನಗಿಸ್ಬೇಡ್ವೋ, ಕಾಲು ನೋಯ್ತದೆ!”

ಜಯಪ್ಪ ಆ ಕಾಲನ್ನೇ ನೋಡಿದ. “ಶನಿವಾರ ಆಡ್ತೀಯಾ?”

“ಇಲ್ಲ. ಎರಡು ವಾರ ಓಡೂಕಾಗೂದಿಲ್ಲ ಅಂದ್ರು ಡಾಕ್ಟ್ರು.” ತ್ರ್ಯಂಬಕ ಒಂದು ಕಡಲೆಯನ್ನು ಬೆರಳಿನಲ್ಲಿ ಉರುಳಿಸಿದ. “ನಮ್ಮೂರಿನ ಮೈದಾನ. ನಾನು ಗೆರೆ ಹೊರಗೆ ಕೂತು ನೋಡೂದು.”

ಜಯಪ್ಪ ಜಗುಲಿಯ ಅಂಚಿಗೆ ಕೂತ. “ಪೆನ್ಸಿಲ್ ಐತಾ?”

ತ್ರ್ಯಂಬಕ ಕೊಟ್ಟ. ಜಯಪ್ಪ ಮುಚ್ಚಳವನ್ನು ತೊಡೆಯ ಮೇಲೆ ಬೋರಲು ಹಾಕಿ, ಅದರ ಮೇಲೆ ದಫೇದಾರರ ಹಾಳೆ ಇಟ್ಟು, ನಾಲಿಗೆ ಕಚ್ಚಿಕೊಂಡು ಬರೆದ:

‘ಪುಸ್ ಅಂದಿದ್ದು ನನಗೆ ಕೇಳಿಸಿತ್ತು. ತಪ್ಪಾಯಿತು. ಇನ್ನು ಮುಂದೆ ಪುಸ್ ಅಂದರೂ ನಿಲ್ಲುತ್ತೇನೆ. ಕೆ. ಜಯಪ್ಪ.’

ತ್ರ್ಯಂಬಕ ಅದನ್ನು ಎರಡು ಸಲ ಓದಿದ. ನಗಲಿಲ್ಲ.

“ನಂಗೂ ಕೇಳಿಸಿತ್ತು,” ಅಂದ.

“ಹೌದಾ?”

“ಮತ್ತೆ? ಇಲ್ಲದಿದ್ರೆ ನಾನು ಎಂತಕ್ಕೆ ನಿಂತ್ಕತಿದ್ದೆ?”

ಜಯಪ್ಪನಿಗೆ ಆಗ ನೆನಪಾಯಿತು. ಮೂರು ಸಲ ತ್ರ್ಯಂಬಕನ ಅಂಗಿಯ ಚುಂಗು ಕೂಡ ಅವನ ಕೈಗೆ ಸಿಕ್ಕಿರಲಿಲ್ಲ. ನಾಲ್ಕನೇ ಸಲ ಸಿಕ್ಕಿದ್ದು ಯಾಕೆಂದರೆ ತ್ರ್ಯಂಬಕ ನಿಂತಿದ್ದ. ಸೊಂಟಕ್ಕೆ ಕೈಯಿಟ್ಟು, ಮೇಷ್ಟ್ರ ಕಡೆ ಮುಖ ಮಾಡಿ, ಸುಮ್ಮನೆ ನಿಂತಿದ್ದ.

ಅವನು ಏನೋ ಹೇಳಲು ಹೋದ. ಅಷ್ಟರಲ್ಲಿ ಅಂಗಳದ ಬೇಲಿಯ ದಣಪೆ ಸರಿಸಿದ ಸದ್ದು. ಗೌರೀಶಂಕರ ಕಾಫಿ ಮುಗಿಸಿ ಬರುತ್ತಿದ್ದರು. ಕೋಟಿನ ಜೇಬಿನಿಂದ ಅರ್ಜಿ ಇಣುಕುತ್ತಿತ್ತು.

“ಎಂತದೋ ಅದು ಕಾಗದ?” ಎಂದರು.

ತ್ರ್ಯಂಬಕ ಹಾಳೆಯನ್ನು ಚಿಕ್ಕದಾಗಿ ಮಡಿಚಿ, ಕಾಲಿಗೆ ಸುತ್ತಿದ್ದ ಬಟ್ಟೆಯೊಳಗೆ, ಹರಳೆಲೆಯ ಪಕ್ಕಕ್ಕೆ ತಳ್ಳಿದ.

“ಲೆಕ್ಕ, ಮಾವ. ಜಯಪ್ಪ ಮಾಡಿದ್ದು.”

“ಸರಿ ಬಂತಾ?”

“ಹೂಂ,” ಎಂದ ತ್ರ್ಯಂಬಕ. “ಸರಿ ಬಂತು.”

ಜಯಪ್ಪ ಮುಚ್ಚಳ ಹೊತ್ತುಕೊಂಡು ಹೊರಟ. ಪೇಟೆ ಬೀದಿಯಲ್ಲಿ ಭಾನುವಾರದ ಗದ್ದಲವೋ ಗದ್ದಲ. ಗಾಡಿಗಳು, ಎತ್ತುಗಳು, ಸಾವಿರ ಸೈಕಲ್ಲು, ಎರಡು ಸಾವಿರ ಗಂಟೆ. ಅಷ್ಟರ ನಡುವೆ ಮೂಲೆಯ ಅಂಗಡಿಯಲ್ಲಿ ಯಾರೋ ಗೋಲಿ ಸೋಡಾ ಒತ್ತಿದರು.

ಪುಸ್.

ಜಯಪ್ಪ ನಿಂತುಬಿಟ್ಟ. ನಡುಬೀದಿಯಲ್ಲಿ, ಎತ್ತಿದ ಬಲಗಾಲು ಎತ್ತಿದ ಹಾಗೆಯೇ, ತಲೆಯ ಮೇಲೆ ಹಂಡೆ ಮುಚ್ಚಳ.

ಹಿಂದೆ ಬರುತ್ತಿದ್ದ ಗಾಡಿಯವನು ಹಗ್ಗ ಜಗ್ಗಿ ಕೂಗಿದ: “ಲೇ ಹುಡ್ಗಾ! ಯಾಕ್ಲೇ ನಿಂತೆ?”

“ನಿಂಗೆ ಕೇಳ್ಸಲಿಲ್ಲೇನಣ್ಣಾ?” ಎಂದ ಜಯಪ್ಪ.